ಸಿ.ಎಫ್. ಮಕ್ಕಳ ಕಫವನ್ನು ಮಾಮೂಲಿ ಕಫದ ಸಾಲಿಗೆ ಸೇರಿಸಬೇಡಿ: ಆರೋಗ್ಯ ಇಲಾಖೆಗೆ ಬಹಿರಂಗ ಪತ್ರ

ಗೆ,
ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ.

ಪ್ರತಿ: ವೈದ್ಯಕೀಯ ಶಿಕ್ಷಣ ಇಲಾಖೆ, ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ, ಜಿಲ್ಲಾ ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜುಗಳ ಮೈಕ್ರೋಬಯಾಲಜಿ ವಿಭಾಗಗಳ ಮುಖ್ಯಸ್ಥರು.

ವಿಷಯ: ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಶ್ವಾಸಕೋಶದ ಸೋಂಕಿನಲ್ಲಿ ಆ್ಯಂಟಿಬಯಾಟಿಕ್ ಪ್ರತಿರೋಧ.

ಮಾನ್ಯರೇ,

ಸಿಸ್ಟಿಕ್ ಫೈಬ್ರೋಸಿಸ್ (ಸಿ.ಎಫ್.) ಎಂಬ ಹುಟ್ಟಿನಿಂದ ಬರುವ ಜೀನ್ ಕಾಯಿಲೆ ಇರುವ ಮಗುವಿನ ಕಫ ಲ್ಯಾಬಿಗೆ ಹೋದರೆ ಎಷ್ಟೋ ಕಡೆ ಎರಡರಲ್ಲೊಂದು ಆಗುತ್ತದೆ. ‘ಇದರಲ್ಲಿ ಬರೀ ಎಂಜಲಿದೆ, ಬೇರೆ ಸ್ಯಾಂಪಲ್ ಕಳಿಸಿ’ ಎಂದು ಡಬ್ಬಿ ವಾಪಸ್ ಬರುತ್ತದೆ. ಇಲ್ಲವೇ ಎರಡು ದಿನ ಬಿಟ್ಟು ‘ನಾರ್ಮಲ್ ಫ್ಲೋರಾ’ (ಬಾಯಿಯ ಮಾಮೂಲಿ ಬ್ಯಾಕ್ಟೀರಿಯಾ ಮಾತ್ರ) ಎಂದು ರಿಪೋರ್ಟ್ ಬರುತ್ತದೆ. ಲ್ಯಾಬಿನವರು ಉದಾಸೀನ ಮಾಡಿರುವುದಿಲ್ಲ, ಇರುವ ನಿಯಮವನ್ನೇ ಪಾಲಿಸಿರುತ್ತಾರೆ. ಆದರೆ ಆ ನಿಯಮ ಬರೆದದ್ದು ಇದ್ದಕ್ಕಿದ್ದಂತೆ ನ್ಯುಮೋನಿಯಾ ಬಂದವರ ಕಫಕ್ಕೆ. ಹುಟ್ಟಿನಿಂದಲೇ ಲೋಳೆ ಗಟ್ಟಿಯಾಗಿ, ಒಂದೇ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಬೀಡುಬಿಡುವ ಶ್ವಾಸಕೋಶಕ್ಕೆ ಅದು ಒಗ್ಗುವುದಿಲ್ಲ. ಈ ಪತ್ರದಲ್ಲಿ ನಾವು ಕೇಳುತ್ತಿರುವುದು ಮುಖ್ಯವಾಗಿ ಒಂದನ್ನೇ: ಸಿ.ಎಫ್. ಕಫವನ್ನು ಬೇರೆ ಬಗೆಯ ಸ್ಯಾಂಪಲ್ ಎಂದು ಗುರುತಿಸಿ, ಅದಕ್ಕೆ ಬೇರೆ ವಿಧಾನ ಜಾರಿಗೆ ತನ್ನಿ. ಉಳಿದ ಬೇಡಿಕೆಗಳು ಇದರ ಬೆನ್ನಿಗೆ ಬರುವಂಥವು.

‘ಅದು ಬಿಳಿಯರ ಕಾಯಿಲೆ, ನಮ್ಮಲ್ಲೆಲ್ಲಿದೆ?’ ಎಂಬ ಮಾತು ಇನ್ನೂ ಕೇಳಿಬರುವುದರಿಂದ ಎರಡು ಸಾಲು. ಭಾರತದ ಮಕ್ಕಳಲ್ಲಿ ಈ ಕಾಯಿಲೆಯ ವರದಿ 1968ರಷ್ಟು ಹಿಂದೆಯೇ ಪ್ರಕಟವಾಗಿದೆ. ದೆಹಲಿಯ ಏಮ್ಸ್‌ನಲ್ಲಿ ಇದರ ಕ್ಲಿನಿಕ್ ದಶಕಗಳಿಂದ ನಡೆಯುತ್ತಿದೆ. ಪಶ್ಚಿಮದಲ್ಲಿ ಅತಿ ಸಾಮಾನ್ಯವಾದ ಎಫ್508ಡೆಲ್ ಎಂಬ ಜೀನ್ ರೂಪಾಂತರ ನಮ್ಮಲ್ಲಿ ಅಷ್ಟು ಹೆಚ್ಚಿಲ್ಲ. ಹಾಗಾಗಿ ಅದೊಂದನ್ನೇ ಹುಡುಕುವ ಜೀನ್ ಪರೀಕ್ಷೆ ನೆಗೆಟಿವ್ ಬಂತೆಂದು ಕಾಯಿಲೆ ಇಲ್ಲವೆನ್ನುವಂತಿಲ್ಲ. ಬೆವರಿನಲ್ಲಿ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಕಾಯಿಲೆ ಇದೆ ಎಂದೇ ಲೆಕ್ಕ. ಆ ಬೆವರು ಪರೀಕ್ಷೆ ಆಗುವ ಜಾಗ ನಮ್ಮಲ್ಲಿ ಎಣಿಸುವಷ್ಟೇ ಇರುವುದರಿಂದ ಮಕ್ಕಳು ಟಿಬಿ, ಆಸ್ತಮಾ, ‘ತೂಕ ಏರುತ್ತಿಲ್ಲ’ ಎಂಬ ಹೆಸರುಗಳಲ್ಲಿ ಸುತ್ತಾಡುತ್ತವೆ. ಸುತ್ತಾಟದ ಪ್ರತಿ ನಿಲ್ದಾಣದಲ್ಲೂ ಒಂದೊಂದು ಆ್ಯಂಟಿಬಯಾಟಿಕ್ ಕೋರ್ಸ್. ಪ್ರತಿರೋಧದ ಕಥೆ ಶುರುವಾಗುವುದು ಅಲ್ಲಿಂದ.

ಸಿ.ಎಫ್.ಟಿ.ಆರ್. ಎಂಬ ಜೀನ್ ಕೆಟ್ಟಾಗ ಕ್ಲೋರೈಡ್, ಬೈಕಾರ್ಬನೇಟ್ ಎರಡೂ ಜೀವಕೋಶದಿಂದ ಹೊರಗೆ ಬರುವುದಿಲ್ಲ. ಶ್ವಾಸನಾಳದ ಒಳಮೈ ಮೇಲಿನ ನೀರಿನ ಪದರ ಆರುತ್ತದೆ, ಲೋಳೆ ಅಂಟಾಗಿ ನಿಲ್ಲುತ್ತದೆ. ಸ್ಯೂಡೋಮೊನಾಸ್ ಏರುಜಿನೋಸಾ ಎಲ್ಲ ಕಡೆಯೂ ಇರುವ ಬ್ಯಾಕ್ಟೀರಿಯಾ: ಸಿಂಕಿನ ತೂತಿನಲ್ಲಿ, ನಲ್ಲಿಯ ಬಾಯಲ್ಲಿ, ಒದ್ದೆ ಮಣ್ಣಿನಲ್ಲಿ. ಮೊದಲ ಸಲ ಮಗುವಿನ ಕಫದಲ್ಲಿ ಸಿಕ್ಕಾಗ ಅದು ಇನ್ನೂ ಹೊರಗಿನ ಪ್ರಾಣಿ. ಲ್ಯಾಬಿನಲ್ಲಿ ಅದನ್ನು ಬೆಳೆಸುವ ಪ್ಲೇಟಿನ ಮೇಲೆ ಚಪ್ಪಟೆ ಕಾಲನಿ, ಹಸಿರು ಬಣ್ಣ, ಮುಚ್ಚಳ ತೆಗೆದರೆ ದ್ರಾಕ್ಷಿಯಂಥ ವಾಸನೆ. ಹೆಚ್ಚಿನ ಔಷಧಿಗಳಿಗೆ ಮಣಿಯುತ್ತದೆ. ಹಾಗೇ ಬಿಟ್ಟರೆ ತಿಂಗಳುಗಳಲ್ಲೋ ಕೆಲವು ವರ್ಷಗಳಲ್ಲೋ ವೇಷ ಬದಲಾಗುತ್ತದೆ. ಮ್ಯುಕ್-ಎ ಎಂಬ ಜೀನಿನಲ್ಲಿ ಒಂದು ಬದಲಾವಣೆ ಆದರೆ ಸಾಕು, ಆಲ್ಜಿನೇಟ್ ಎಂಬ ಲೋಳೆಯನ್ನು ಅದು ತಾನೇ ಸುರಿಸಿಕೊಳ್ಳತೊಡಗುತ್ತದೆ. ಆಗ ಪ್ಲೇಟನ್ನು ಮಗುಚಿಟ್ಟರೆ ಕಾಲನಿ ಜಾರಿ ಮುಚ್ಚಳಕ್ಕೆ ಇಳಿಯುತ್ತದೆ. ಹಸಿರು ಇಲ್ಲ, ವಾಸನೆ ಇಲ್ಲ, ಬೆಳವಣಿಗೆ ನಿಧಾನ. ಹಸಿರನ್ನು ಹುಡುಕುವ ಕಣ್ಣಿಗೆ ಇದು ಸ್ಯೂಡೋಮೊನಾಸ್ ಎಂದು ಹೊಳೆಯುವುದೇ ಇಲ್ಲ.

ಪ್ರತಿರೋಧ ಎಂದಕೂಡಲೇ ಒಂದು ಬ್ಯಾಕ್ಟೀರಿಯಾ ಇನ್ನೊಂದರಿಂದ ಜೀನ್ ಪಡೆಯುವುದು ನೆನಪಾಗುತ್ತದೆ. ಸಿ.ಎಫ್. ಶ್ವಾಸಕೋಶದಲ್ಲಿ ನಡೆಯುವುದು ಬಹುಪಾಲು ಹಾಗಲ್ಲ. ಅಲ್ಲೇ ನೆಲೆಸಿದ ಬ್ಯಾಕ್ಟೀರಿಯಾ ತನ್ನದೇ ಜೀನುಗಳನ್ನು ಒಂದೊಂದಾಗಿ ಕೆಡಿಸಿಕೊಂಡು ಗಟ್ಟಿಯಾಗುತ್ತದೆ. ಔಷಧಿ ಒಡೆಯುವ ಆ್ಯಂಪ್-ಸಿ ಕಿಣ್ವದ ಕಡಿವಾಣ ಬಿಟ್ಟರೆ ಸೆಫ್ಟಾಜಿಡೈಮ್, ಪಿಪೆರಾಸಿಲಿನ್ ಎಂಬ ಆ್ಯಂಟಿಬಯಾಟಿಕ್ಕುಗಳು ಕೈಬಿಟ್ಟು ಹೋದವು. ಓಪ್ರ್-ಡಿ ಎಂಬ ಬಾಗಿಲು ಮುಚ್ಚಿದರೆ ಇಮಿಪೆನೆಮ್ ಹೋಯಿತು, ಮೆರೋಪೆನೆಮ್ ಕುಂಟಿತು. ಮೆಕ್ಸ್-ಎಕ್ಸ್‌ವೈ ಪಂಪು ಜೋರಾದರೆ ಟೊಬ್ರಾಮೈಸಿನ್, ಅಮಿಕಾಸಿನ್ ಹೊರಗೆ. ಗೈರ್-ಎ ಬದಲಾದರೆ ಸಿಪ್ರೊಫ್ಲಾಕ್ಸಾಸಿನ್ ಮುಗಿಯಿತು. ಇದರ ಮೇಲೆ, ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಈ ಬದಲಾವಣೆಗಳು ಬಹಳ ಬೇಗ ಕೈಗೆ ಸಿಗುತ್ತವೆ. ಸ್ಪೇನಿನಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 30 ಸಿ.ಎಫ್. ರೋಗಿಗಳ ಪೈಕಿ 11 ಮಂದಿಯಲ್ಲಿ ಇಂಥ ಬ್ಯಾಕ್ಟೀರಿಯಾ ಸಿಕ್ಕಿತು. ಸಿ.ಎಫ್. ಇಲ್ಲದೆ ಸ್ಯೂಡೋಮೊನಾಸ್ ಸೋಂಕು ತಗುಲಿದ್ದ 75 ಮಂದಿಯಲ್ಲಿ ಒಬ್ಬರಲ್ಲೂ ಇರಲಿಲ್ಲ. ಅರೆಬರೆ ಡೋಸಿನ ಪ್ರತಿ ಕೋರ್ಸೂ ಆ ಶ್ವಾಸಕೋಶದೊಳಗೆ ಗಟ್ಟಿ ಬೀಜವನ್ನೇ ಆರಿಸಿ ಬಿತ್ತಿದಂತೆ ಎನ್ನುವುದು ಇದಕ್ಕೆ. ನಮ್ಮ ದೇಶದ ವಾರ್ಡುಗಳಲ್ಲಿ ಎನ್‌ಡಿಎಂ ಎಂಬ, ಮೆರೋಪೆನೆಮ್ ಸೇರಿ ಹಲವು ಔಷಧಿಗಳನ್ನು ಒಡೆಯುವ ಕಿಣ್ವದ ಜೀನ್ ಬೇರೆ ಓಡಾಡುತ್ತಿದೆ. ಮಗುವನ್ನು ವಿನಾಕಾರಣ ಅಡ್ಮಿಟ್ ಮಾಡಿದಷ್ಟೂ ಅದು ತಗುಲುವ ಅಪಾಯ ಹೆಚ್ಚು, ಮತ್ತು ಅದು ತಗುಲಿದ ಮೇಲೆ ದುಬಾರಿ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಕೂಡ ಕೆಲಸಕ್ಕೆ ಬಾರದು.

ಪ್ರತಿರೋಧ ಬೇರೆ, ತಾಳಿಕೆ ಬೇರೆ. ಪ್ರತಿರೋಧ ಬ್ಯಾಕ್ಟೀರಿಯಾದ ಜೀನಿನಲ್ಲಿದೆ, ತಾಳಿಕೆ ಅದು ಕುಳಿತಿರುವ ಜಾಗದಲ್ಲಿದೆ. ಲೋಳೆಗಡ್ಡೆಯ ಒಳಗೆ ಆಮ್ಲಜನಕ ಇಳಿಯುವುದಿಲ್ಲ. ಟೊಬ್ರಾಮೈಸಿನ್ ಬ್ಯಾಕ್ಟೀರಿಯಾದೊಳಗೆ ನುಗ್ಗಲು ಆಮ್ಲಜನಕ ಬೇಕು. ಬಯೋಫಿಲ್ಮ್‌ನಲ್ಲಿ (ಬ್ಯಾಕ್ಟೀರಿಯಾ ಗುಂಪುಗೂಡಿ ಕಟ್ಟಿಕೊಳ್ಳುವ ಲೋಳೆಪೊರೆಯಲ್ಲಿ) ಅರೆನಿದ್ದೆಯಲ್ಲಿರುವ ಬ್ಯಾಕ್ಟೀರಿಯಾವನ್ನು, ಬೆಳೆಯುವಾಗ ಮಾತ್ರ ಕೊಲ್ಲಬಲ್ಲ ಸೆಫ್ಟಾಜಿಡೈಮ್ ಏನೂ ಮಾಡದು. ಹಾಗಾಗಿಯೇ ರಿಪೋರ್ಟಿನಲ್ಲಿ ‘ಎಸ್’ (ಬ್ಯಾಕ್ಟೀರಿಯಾ ಇದಕ್ಕೆ ಮಣಿಯುತ್ತದೆ) ಎಂದು ಬಂದ ಔಷಧಿ ಮಗುವಿನಲ್ಲಿ ಸೋಲುತ್ತದೆ. ಲ್ಯಾಬಿನಲ್ಲಿ ಪರೀಕ್ಷಿಸಿದ್ದು ತೆಳು ಸಾರಿನಲ್ಲಿ ತೇಲುವ ಬ್ಯಾಕ್ಟೀರಿಯಾವನ್ನು, ಕಫದಲ್ಲಿ ಹೂತುಕೊಂಡದ್ದನ್ನಲ್ಲ. ಇದಕ್ಕೆ ಉಪಾಯವೆಂದು ಎರಡು-ಮೂರು ಔಷಧಿಗಳನ್ನು ಜೋಡಿ ಮಾಡಿ ಪರೀಕ್ಷಿಸುವ ದುಬಾರಿ ವಿಧಾನ ಬಂತು. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ರೋಗಿಗಳಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಯಾರಾದರೂ ಆ ಯಂತ್ರ ಮಾರಲು ಬಂದರೆ ದಯವಿಟ್ಟು ಟೆಂಡರ್ ಕರೆಯಬೇಡಿ.

ಹಾಗಾದರೆ ಏನು ಮಾಡಬಹುದು? ಮೊದಲ ಸ್ಯೂಡೋಮೊನಾಸ್ ಸಿಕ್ಕ ಕೆಲವೇ ವಾರಗಳ ಸಮಯವನ್ನು ಹಿಡಿದುಕೊಳ್ಳಬಹುದು. ಡೆನ್ಮಾರ್ಕಿನ ಕೋಪನ್‌ಹೇಗನ್ ಕ್ಲಿನಿಕ್ 1991ರಲ್ಲಿ ತೋರಿಸಿದ್ದು ಇದನ್ನೇ. ಹೊಸದಾಗಿ ಸಿಕ್ಕಾಗಲೆಲ್ಲ ಮೂರು ವಾರ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ, ಜೊತೆಗೆ ನೆಬ್ಯುಲೈಸರಿನಲ್ಲಿ ಕೊಲಿಸ್ಟಿನ್ ಕೊಟ್ಟ ಗುಂಪಿನಲ್ಲಿ 27 ತಿಂಗಳ ಅವಧಿಯಲ್ಲಿ ಶೇ. 14ರಷ್ಟು ಮಂದಿಗೆ ಸೋಂಕು ಕಾಯಂ ಆಯಿತು. ಕೊಡದ ಗುಂಪಿನಲ್ಲಿ ಶೇ. 58. ಚಿಕ್ಕ ಅಧ್ಯಯನ, ನಿಜ, ಒಟ್ಟು 26 ಮಂದಿ. ಆದರೆ ಆಮೇಲೆ ಬಂದವುಗಳೂ ಅದೇ ದಿಕ್ಕು ಹಿಡಿದವು. 300 ಮಿ.ಗ್ರಾಂ ಟೊಬ್ರಾಮೈಸಿನ್ ದಿನಕ್ಕೆರಡು ಸಲ, 28 ದಿನ ಉಸಿರಿನಲ್ಲಿ ಎಳೆದವರಲ್ಲಿ ತಿಂಗಳ ನಂತರ ಶೇ. 90ಕ್ಕಿಂತ ಹೆಚ್ಚು ಮಂದಿಯ ಕಫದಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ; 56 ದಿನ ಕೊಟ್ಟರೂ ಫಲ ಅಷ್ಟೇ. ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 2020ರಲ್ಲಿ ಬಂದ ಟಾರ್ಪೀಡೋ ಪ್ರಯೋಗ. ಉಸಿರಿನ ಕೊಲಿಸ್ಟಿನ್ ಎರಡೂ ಗುಂಪಿಗೆ ಕೊಟ್ಟರು. ಒಂದು ಗುಂಪಿಗೆ 14 ದಿನ ರಕ್ತನಾಳದ ಮೂಲಕ ಸೆಫ್ಟಾಜಿಡೈಮ್ ಮತ್ತು ಟೊಬ್ರಾಮೈಸಿನ್, ಇನ್ನೊಂದಕ್ಕೆ ಮೂರು ತಿಂಗಳು ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ. ಬ್ಯಾಕ್ಟೀರಿಯಾ ಹೋಗಿ 15 ತಿಂಗಳವರೆಗೆ ಮರಳದೆ ಉಳಿದವರು ಮೊದಲ ಗುಂಪಿನಲ್ಲಿ ಶೇ. 44, ಎರಡನೆಯದರಲ್ಲಿ ಶೇ. 52. ಅಡ್ಮಿಟ್ ಮಾಡಿದ್ದರಿಂದ ಮೇಲುಗೈ ಆಗಲಿಲ್ಲ. ಯಾದಗಿರಿಯ ಮಗುವಿಗೆ ಈ ಚಿಕಿತ್ಸೆ ಕೊಡಲು ಬೆಂಗಳೂರಿನ ಹಾಸಿಗೆ ಬೇಕಿಲ್ಲ ಎಂದು ಇದರ ಅರ್ಥ. ಬೇಕಾದದ್ದು ಎರಡು: ಮೊದಲ ಸ್ಯೂಡೋಮೊನಾಸನ್ನು ಕಾಣಬಲ್ಲ ಲ್ಯಾಬ್, ಮತ್ತು ಕಂಡ ವಾರದಲ್ಲೇ ಕೈಗೆ ಸಿಗುವ ನೆಬ್ಯುಲೈಸರ್ ಔಷಧಿ.

ಆ ಲ್ಯಾಬಿನ ಕೆಲಸ ಹೇಗಿರಬೇಕೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ, ಸುತ್ತೋಲೆಗೆ ಹಾಗೇ ಎತ್ತಿಕೊಳ್ಳಬಹುದು.

ಸ್ಯಾಂಪಲ್ ಮೂರು ತಿಂಗಳಿಗೊಮ್ಮೆ, ಮಗು ಚೆನ್ನಾಗಿದ್ದರೂ. ಕೆಮ್ಮು ಜಾಸ್ತಿಯಾದಾಗ ಮಾತ್ರ ಕಳಿಸಿದರೆ ಮೊದಲ ಬ್ಯಾಕ್ಟೀರಿಯಾ ತಪ್ಪಿಹೋಗುತ್ತದೆ, ಏಕೆಂದರೆ ಅದು ಸದ್ದಿಲ್ಲದೆ ಬರುತ್ತದೆ. ಕಫ ಉಗುಳಲು ಬಾರದ ಪುಟ್ಟ ಮಕ್ಕಳಲ್ಲಿ ಗಂಟಲಿನ ಕಾಫ್ ಸ್ವ್ಯಾಬ್ ಸುಲಭ, ಆದರೆ ಅದು ತಪ್ಪಿಸಿಕೊಳ್ಳುವುದೂ ಸುಲಭ. ಮೊದಲು ಸಾಲ್ಬುಟಮಾಲ್, ಆಮೇಲೆ ನೆಬ್ಯುಲೈಸರಿನಲ್ಲಿ ಗಾಢ ಉಪ್ಪುನೀರು ಕೊಟ್ಟು, ಬೆನ್ನು ತಟ್ಟಿ ಕಫ ತರಿಸಿದರೆ ಸ್ವ್ಯಾಬಿಗಿಂತ ಹೆಚ್ಚು ಬ್ಯಾಕ್ಟೀರಿಯಾ ಸಿಗುತ್ತವೆ. ಫಿಸಿಯೋಥೆರಪಿಸ್ಟ್ ಇರುವ ಯಾವ ಜಿಲ್ಲಾ ಆಸ್ಪತ್ರೆಯಲ್ಲೂ ಇದು ಆಗಬಲ್ಲದು. ಡಬ್ಬಿ ಮೂರು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಆಗದಿದ್ದರೆ 4 ಡಿಗ್ರಿಯ ಫ್ರಿಜ್ಜಿನಲ್ಲಿ, ಹೆಚ್ಚೆಂದರೆ 24 ಗಂಟೆ. ಬೇಸಿಗೆಯ ರಾಯಚೂರಿನಲ್ಲಿ ಮಧ್ಯಾಹ್ನದವರೆಗೂ ಓಪಿಡಿ ಮೇಜಿನ ಮೇಲೆ ಕುಳಿತ ಡಬ್ಬಿಯಲ್ಲಿ ಬಾಯಿಯ ಬ್ಯಾಕ್ಟೀರಿಯಾವೇ ತುಂಬಿ, ಹುಡುಕುತ್ತಿರುವುದು ಮುಚ್ಚಿಹೋಗುತ್ತದೆ.

ಸೂಕ್ಷ್ಮದರ್ಶಕದಲ್ಲಿ ಒಂದು ಫೀಲ್ಡಿಗೆ ಹತ್ತಕ್ಕಿಂತ ಹೆಚ್ಚು ಬಾಯಿಯ ಕೋಶ ಕಂಡರೆ ಸ್ಯಾಂಪಲ್ ತಿರಸ್ಕರಿಸುವ ರೂಢಿ ಸಿ.ಎಫ್.ಗೆ ಅನ್ವಯಿಸಬಾರದು. ಬಂದ ಪ್ರತಿ ಸ್ಯಾಂಪಲನ್ನೂ ಕಲ್ಚರ್‌ಗೆ ಹಾಕಬೇಕು. ಅಂಟು ಕಫಕ್ಕೆ ಸಮಪ್ರಮಾಣದ ಡೈಥಯೋಥ್ರೈಟಾಲ್ ಬೆರೆಸಿ ಕರಗಿಸಿ, ಆಮೇಲೆ ಪ್ಲೇಟಿಗೆ. ಬ್ಲಡ್ ಅಗಾರ್, ಮ್ಯಾಕಾಂಕಿ, ಚಾಕೊಲೇಟ್ ಅಗಾರ್ ಎಂಬ ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮಗಳು ಎಲ್ಲ ಲ್ಯಾಬುಗಳಲ್ಲೂ ಇವೆ. ಅವುಗಳ ಜೊತೆ ಸ್ಟೆಫಿಲೋಕಾಕಸ್‌ಗೆ ಮ್ಯಾನಿಟಾಲ್ ಸಾಲ್ಟ್ ಅಗಾರ್, ಬರ್ಕೋಲ್ಡೇರಿಯಾ ಸೆಪೇಶಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾಗೆ ಬೇರೆಯವನ್ನು ತಡೆದು ಅದನ್ನು ಬೆಳೆಯಗೊಡುವ ಅಗಾರ್ ಸೇರಿಸಬೇಕು. ಈ ಕೊನೆಯದಿಲ್ಲದೆ ಸೆಪೇಶಿಯಾ ಹುಡುಕುವುದೆಂದರೆ, ಜಾತ್ರೆಯಲ್ಲಿ ಮೆಲ್ಲಗೆ ಮಾತಾಡುವವನ ದನಿ ಕೇಳಿಸಿಕೊಳ್ಳಲು ಹೋದಂತೆ. ಸ್ಯೂಡೋಮೊನಾಸ್ ಅದನ್ನು ಮೀರಿ ಬೆಳೆದುಬಿಡುತ್ತದೆ. ಎರಡು ದಿನಕ್ಕೆ ಪ್ಲೇಟ್ ಎಸೆಯಬೇಡಿ, ಐದು ದಿನ ಇಡಿ. ಸ್ಟೆಫಿಲೋಕಾಕಸ್‌ನ ಸೂಜಿಮೊನೆಯಷ್ಟು ಚಿಕ್ಕ ಕಾಲನಿಗಳೂ ಇದೇ ರೀತಿ ಕಣ್ತಪ್ಪಿಸುತ್ತವೆ. ಕೋಟ್ರೈಮಾಕ್ಸಜೋಲ್ ತುಂಬ ದಿನ ತಿಂದ ಮಕ್ಕಳಲ್ಲಿ ಇವು ಸಿಗುವುದು ಹೆಚ್ಚು. ಥೈಮಿಡಿನ್ ಸಿಗದೆ ಇವು ಸರಿಯಾಗಿ ಬೆಳೆಯವು.

ಕರಾವಳಿಯ ಲ್ಯಾಬುಗಳಿಗೆ ಇಲ್ಲೊಂದು ಬೇರೆಯೇ ಎಚ್ಚರಿಕೆ ಬೇಕು. ಉಡುಪಿ, ದಕ್ಷಿಣ ಕನ್ನಡದ ಕಡೆ ಮೆಲಿಯಾಯ್ಡೋಸಿಸ್ ಎಂಬ ಗಂಭೀರ ಸೋಂಕು ತರುವ ಬರ್ಕೋಲ್ಡೇರಿಯಾ ಸ್ಯೂಡೋಮಲ್ಲೈ ಮಣ್ಣಿನಲ್ಲೇ ಇದೆ. ಯಂತ್ರಗಳು ಅದನ್ನು ಸೆಪೇಶಿಯಾ ಎಂದು ಓದಿದ ಉದಾಹರಣೆಗಳು ಬೇಕಾದಷ್ಟಿವೆ. ಎರಡೂ ಆಕ್ಸಿಡೇಸ್ ಪಾಸಿಟಿವ್, ಎರಡೂ ಕೊಲಿಸ್ಟಿನ್‌ಗೂ ಜೆಂಟಾಮೈಸಿನ್‌ಗೂ ಬಗ್ಗವು. ಆದರೆ ಸ್ಯೂಡೋಮಲ್ಲೈ ಸಾಮಾನ್ಯವಾಗಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಮಣಿಯುತ್ತದೆ, ಸೆಪೇಶಿಯಾ ಮಣಿಯುವುದಿಲ್ಲ. ಔಷಧಿ ಸವರಿದ ಮೂರು ಡಿಸ್ಕ್ ಇಟ್ಟು ನೋಡುವ ಈ ಕೆಲಸಕ್ಕೆ ಹೆಚ್ಚು ಖರ್ಚಿಲ್ಲ. ಒಂದನ್ನು ಇನ್ನೊಂದೆಂದು ತಿಳಿದರೆ ಮಾತ್ರ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗಾಗುತ್ತದೆ. ಸೆಪೇಶಿಯಾ ಎಂದು ಬಂದ ಮಗುವಿಗೆ ಕೊಲಿಸ್ಟಿನ್ ನೆಬ್ಯುಲೈಸ್ ಮಾಡುತ್ತ ಕೂರುವುದೂ ಅಷ್ಟೇ ವ್ಯರ್ಥ. ಸ್ಟೆನೊಟ್ರೊಫೊಮೊನಾಸ್ ಎಂಬ ಬ್ಯಾಕ್ಟೀರಿಯಾ‌ಗೆ ಮೆರೋಪೆನೆಮ್ ಕೊಡುವುದೂ ಹಾಗೆಯೇ. ಇವು ಹುಟ್ಟಾ ಪ್ರತಿರೋಧ ಇರುವಂಥವು, ಯಾರ ತಪ್ಪಿನಿಂದಲೂ ಬಂದದ್ದಲ್ಲ. ಹೆಸರು ಸರಿಯಾಗಿ ಹಿಡಿದರೆ ಅರ್ಧ ರಿಪೋರ್ಟ್ ಮುಗಿದಂತೆ.

ಇನ್ನು ಸೆನ್ಸಿಟಿವಿಟಿ, ಅಂದರೆ ಬ್ಯಾಕ್ಟೀರಿಯಾ ಯಾವ ಔಷಧಿಗೆ ಮಣಿಯುತ್ತದೆಂಬ ಪರೀಕ್ಷೆ. ಒಂದೇ ಪ್ಲೇಟಿನಲ್ಲಿ ಲೋಳೆಯದು, ಒಣಗಿದ್ದು, ಪುಟ್ಟದು ಎಂದು ಮೂರು ಬಗೆಯ ಸ್ಯೂಡೋಮೊನಾಸ್ ಕಂಡರೆ ಮೂರನ್ನೂ ಬೇರೆಬೇರೆ ಪರೀಕ್ಷಿಸಬೇಕು. ಒಂದು ಎಲ್ಲದಕ್ಕೂ ಮಣಿಯುವುದು, ಪಕ್ಕದ್ದು ಯಾವುದಕ್ಕೂ ಮಣಿಯದಿರುವುದು ಸರ್ವೇಸಾಮಾನ್ಯ. ನಿಧಾನವಾಗಿ ಬೆಳೆಯುವ ಲೋಳೆ ಬ್ಯಾಕ್ಟೀರಿಯಾವನ್ನು ಆಟೋಮ್ಯಾಟಿಕ್ ಯಂತ್ರಗಳು ತಪ್ಪಾಗಿ ಓದುತ್ತವೆ. ಡಿಸ್ಕ್ ಅಥವಾ ಇ-ಟೆಸ್ಟ್ ಹಾಕಿ, ಪೂರ್ತಿ 24 ಗಂಟೆ ಕಾಯಬೇಕು. ಕೊಲಿಸ್ಟಿನ್‌ಗೆ ಮಾತ್ರ ಡಿಸ್ಕ್ ನಂಬಬಾರದು. ಆ ದೊಡ್ಡ ಅಣು ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ. ಅದಕ್ಕೆ ಔಷಧಿಯನ್ನು ಹಂತಹಂತವಾಗಿ ತೆಳುಮಾಡಿದ ಸಾರಿನಲ್ಲಿ ನೋಡುವ ಬ್ರಾತ್ ಮೈಕ್ರೋಡೈಲ್ಯೂಶನ್ನೇ ಆಗಬೇಕು. ಲ್ಯಾಬ್ ಪರೀಕ್ಷೆಗಳ ನಿಯಮಾವಳಿ ರೂಪಿಸುವ ಅಮೆರಿಕದ ಸಿ.ಎಲ್.ಎಸ್.ಐ. ಸಂಸ್ಥೆ 2020ರಲ್ಲಿ ಕೊಲಿಸ್ಟಿನ್‌ಗೆ ‘ಎಸ್’ ಎಂಬ ವರ್ಗವನ್ನೇ ತೆಗೆದುಹಾಕಿದೆ. ಆಮೇಲೂ ‘ಕೊಲಿಸ್ಟಿನ್: ಎಸ್’ ಎಂದು ಆ ನಿಯಮಾವಳಿಯ ಹೆಸರಿನಲ್ಲಿ ಬರುವ ರಿಪೋರ್ಟನ್ನು ಹಿಂದಕ್ಕೆ ಕಳಿಸಬೇಕು. ಇನ್ನೊಂದು ಸೂಕ್ಷ್ಮ: ‘ಆರ್’ (ಮಣಿಯುವುದಿಲ್ಲ) ಎಂದು ಗೆರೆ ಎಳೆದಿರುವುದು ರಕ್ತದಲ್ಲಿ ಸಿಗುವ ಔಷಧಿಯ ಮಟ್ಟ ನೋಡಿ. ಉಸಿರಿನಲ್ಲಿ ಎಳೆದ ಟೊಬ್ರಾಮೈಸಿನ್ ಕಫದೊಳಗೆ ಗ್ರಾಂಗೆ ಸಾವಿರ ಮೈಕ್ರೋಗ್ರಾಂ ದಾಟಬಲ್ಲದು. ಹಾಗಾಗಿ ಟೊಬ್ರಾಮೈಸಿನ್ ‘ಆರ್’ ಎಂದು ಬಂತೆಂದು ಗುಣ ಕಾಣುತ್ತಿರುವ ನೆಬ್ಯುಲೈಸರ್ ಔಷಧಿಯನ್ನು ದಿಢೀರನೆ ನಿಲ್ಲಿಸುವುದು ತಪ್ಪು. ರಿಪೋರ್ಟಿನ ಕೆಳಗೆ ಈ ಒಂದು ವಾಕ್ಯ ಅಚ್ಚಾಗಿದ್ದರೆ ತಾಲ್ಲೂಕಿನ ವೈದ್ಯರಿಗೆ ದೊಡ್ಡ ಸಹಾಯ.

ವರ್ಷಕ್ಕೊಮ್ಮೆ ಟಿಬಿಯಲ್ಲದ ಮೈಕೋಬ್ಯಾಕ್ಟೀರಿಯಾವನ್ನೂ (ಟಿಬಿ ಬ್ಯಾಕ್ಟೀರಿಯಾದ ಬಳಗದವನ್ನು) ಹುಡುಕಬೇಕು. ಸ್ಮಿಯರಿನಲ್ಲಿ ಟಿಬಿಯಂಥ ಕಡ್ಡಿಗಳು ಕಂಡು, ಸಿಬಿನ್ಯಾಟ್ (ಟಿಬಿಯ ಜೀನ್ ಪರೀಕ್ಷೆ) ನೆಗೆಟಿವ್ ಬಂದರೆ ಕೂಡಲೇ ಟಿಬಿ ಮಾತ್ರೆ ಶುರುಮಾಡುವ ಬದಲು ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್‌ನ ಅನುಮಾನ ಪಡಬೇಕು. ಟಿಬಿ ಲ್ಯಾಬಿನ ಮಾಮೂಲಿ ಶುದ್ಧೀಕರಣ ಮೀರಿಯೂ ಸ್ಯೂಡೋಮೊನಾಸ್ ಬೆಳೆದು ‘ಕಂಟ್ಯಾಮಿನೇಟೆಡ್’ ಎಂದು ಬರುವುದು ಇಲ್ಲಿ ನಿತ್ಯದ ಗೋಳು. ಕಾಸ್ಟಿಕ್ ಸೋಡಾದ ನಂತರ ಶೇ. 5ರ ಆಕ್ಸಾಲಿಕ್ ಆಮ್ಲದ ಎರಡನೇ ಹಂತ ಸೇರಿಸಿದರೆ ಅದು ಬಹಳ ತಗ್ಗುತ್ತದೆ. ಆಬ್ಸೆಸಸ್‌ಗೆ ಕ್ಲಾರಿಥ್ರೋಮೈಸಿನ್ ಪರೀಕ್ಷೆಯನ್ನು ಐದನೇ ದಿನಕ್ಕೆ ಓದಿ ಮುಗಿಸುವಂತಿಲ್ಲ, 14 ದಿನ ಕಾಯಬೇಕು. ಔಷಧಿ ತಾಗಿದ ಮೇಲೆ ಎಚ್ಚರಗೊಳ್ಳುವ ಒಂದು ಪ್ರತಿರೋಧದ ಜೀನ್ ಅದರಲ್ಲಿ ಅಡಗಿರುತ್ತದೆ. ಸಿ.ಎಫ್. ಮಕ್ಕಳಿಗೆ ಉರಿಯೂತ ತಗ್ಗಿಸಲೆಂದು ವಾರಕ್ಕೆ ಮೂರು ದಿನ ಅಜಿಥ್ರೋಮೈಸಿನ್ ಕೊಡುವ ಪದ್ಧತಿಯಿದೆ, ಒಳ್ಳೆಯದೇ. ಆದರೆ ಈ ಪರೀಕ್ಷೆ ಆಗದೆ ಅದನ್ನು ಶುರುಮಾಡಿದರೆ ಆಬ್ಸೆಸಸ್‌ಗೆ ಒಂಟಿ ಔಷಧಿ ಕೊಟ್ಟು ಅದನ್ನು ಪಳಗಿಸಿದಂತಾಗುತ್ತದೆ.

ಔಷಧಿಯ ವಿಷಯಕ್ಕೆ ಬಂದರೆ, ವೈದ್ಯಕೀಯ ಸರಬರಾಜು ನಿಗಮದ ಪಟ್ಟಿಯಲ್ಲಿ ಉಸಿರಿನಲ್ಲಿ ಎಳೆಯುವ ಟೊಬ್ರಾಮೈಸಿನ್ 300 ಮಿ.ಗ್ರಾಂ / 5 ಮಿ.ಲೀ. ಮತ್ತು ಕೊಲಿಸ್ಟಿಮೆಥೇಟ್ (ಕೊಲಿಸ್ಟಿನ್ ಅನ್ನು ಉಸಿರಿನಲ್ಲಿ ಕೊಡುವ ರೂಪ) 10 ಲಕ್ಷ ಯೂನಿಟ್ ವಯಲ್ ಎರಡೂ ಇರಲಿ. ಒಂದು ಮಗುವಿನ ಒಂದು ಕೋರ್ಸಿಗೆ ಟೊಬ್ರಾಮೈಸಿನ್ 56 ಆಂಪೂಲ್. ಕೊಲಿಸ್ಟಿನ್ ಆದರೆ 10 ಲಕ್ಷ ಯೂನಿಟ್ ದಿನಕ್ಕೆರಡು ಸಲದಂತೆ ಮೂರು ತಿಂಗಳಿಗೆ 180 ವಯಲ್. ಪ್ರತಿ ವಿಭಾಗೀಯ ಉಗ್ರಾಣದಲ್ಲಿ ಒಂದೆರಡು ಕೋರ್ಸ್ ಸದಾ ಇದ್ದರೆ ಸಾಕು, ರಾಜ್ಯದ ಬಜೆಟ್ಟಿಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಉಸಿರಿನ ಟೊಬ್ರಾಮೈಸಿನ್ ಸಿಗದಿದ್ದಾಗ ಅದರ ಇಂಜೆಕ್ಷನ್ನಿನ 80 ಮಿ.ಗ್ರಾಂ ವಯಲನ್ನೇ ನೆಬ್ಯುಲೈಸರಿಗೆ ಸುರಿಯುತ್ತಾರೆ. ಅದರಲ್ಲಿರುವ ಫಿನಾಲ್, ಬೈಸಲ್ಫೈಟ್‌ನಂಥ ಸಂರಕ್ಷಕಗಳಿಂದ ಶ್ವಾಸನಾಳ ಬಿಗಿಯುತ್ತದೆ, ಡೋಸೂ ಸಾಲುವುದಿಲ್ಲ. ಕೊಲಿಸ್ಟಿಮೆಥೇಟನ್ನು ಎಳೆಯುವ ಹೊತ್ತಿಗೇ ಕಲಸಬೇಕು, ಬೆಳಿಗ್ಗೆ ಕಲಸಿ ಸಂಜೆಗೆ ಇಡುವಂತಿಲ್ಲ. ನೀರಿನಲ್ಲಿ ಅದು ಶ್ವಾಸಕೋಶಕ್ಕೆ ವಿಷವಾಗುವ ರೂಪಕ್ಕೆ ತಿರುಗುತ್ತದೆ. ಮುಂಚೆಯೇ ಕಲಸಿಟ್ಟದ್ದನ್ನು ಬಳಸಿದ ರೋಗಿಯೊಬ್ಬರು ಸತ್ತ ಮೇಲೆ ಅಮೆರಿಕದ ಎಫ್.ಡಿ.ಎ. 2007ರಲ್ಲಿ ಇದೇ ಎಚ್ಚರಿಕೆ ಕೊಟ್ಟಿತು. ಯೂನಿಟ್ಟಿನ ಗೊಂದಲ ಬೇರೆ: 10 ಲಕ್ಷ ಯೂನಿಟ್ ಎಂದರೆ ಸುಮಾರು 80 ಮಿ.ಗ್ರಾಂ ಕೊಲಿಸ್ಟಿಮೆಥೇಟ್, ಆದರೆ ‘ಕೊಲಿಸ್ಟಿನ್ ಬೇಸ್’ ಲೆಕ್ಕದಲ್ಲಿ ಸುಮಾರು 34 ಮಿ.ಗ್ರಾಂ. ಚೀಟಿಯಲ್ಲಿ ಬರೀ ‘ಮಿ.ಗ್ರಾಂ’ ಎಂದಿದ್ದರೆ ಎರಡೂವರೆ ಪಟ್ಟಿನಷ್ಟು ಹೆಚ್ಚುಕಡಿಮೆ ಆಗಬಹುದು. ಯೂನಿಟ್ಟಿನಲ್ಲೇ ಬರೆಯುವುದನ್ನು ಕಡ್ಡಾಯ ಮಾಡಿ.

ರಕ್ತನಾಳಕ್ಕೆ ಕೊಡಬೇಕಾದ ಸ್ಥಿತಿ ಬಂದಾಗ ಡೋಸಿನಲ್ಲಿ ಜಿಪುಣತನವೇ ಪ್ರತಿರೋಧದ ತವರು. ಸಿ.ಎಫ್. ದೇಹ ಈ ಔಷಧಿಗಳನ್ನು ಬೇಗ ಹೊರಹಾಕುತ್ತದೆ. ಮೂತ್ರಪಿಂಡ ಸರಿಯಿದ್ದರೆ ಟೊಬ್ರಾಮೈಸಿನ್ ಕೆ.ಜಿ.ಗೆ 10 ಮಿ.ಗ್ರಾಂ ದಿನಕ್ಕೊಮ್ಮೆ, ಎರಡನೇ ಡೋಸಿನ ಮುಂಚೆ ರಕ್ತದ ಮಟ್ಟ ಲೀಟರಿಗೆ 1 ಮಿ.ಗ್ರಾಂಗಿಂತ ಕೆಳಗಿದೆಯೇ ನೋಡಿ ಮುಂದುವರಿಯಬೇಕು. ಮೆರೋಪೆನೆಮ್ ಕೆ.ಜಿ.ಗೆ 40 ಮಿ.ಗ್ರಾಂ ದಿನಕ್ಕೆ ಮೂರು ಸಲ, ಒಂದು ಸಲಕ್ಕೆ 2 ಗ್ರಾಂ ಮೀರದಂತೆ. ಬೇರೆ ಬೇರೆ ವರ್ಗದ ಎರಡು ಔಷಧಿ ಒಟ್ಟಿಗೆ. ಒಂದನ್ನೇ ಕೊಡುವ ದುರಭ್ಯಾಸ ಬಿಡಬೇಕು. ಎಷ್ಟು ದಿನ ಎಂಬುದಕ್ಕೆ 2021ರ ಸ್ಟಾಪ್-2 ಪ್ರಯೋಗದಲ್ಲಿ ಉತ್ತರವಿದೆ, ಅದು ದೊಡ್ಡವರಲ್ಲಿ ನಡೆದದ್ದು. ಮೊದಲ ವಾರದಲ್ಲೇ ಚೆನ್ನಾಗಿ ಚೇತರಿಸಿಕೊಂಡವರಿಗೆ 10 ದಿನದ ಚಿಕಿತ್ಸೆ 14 ದಿನದ್ದಕ್ಕಿಂತ ಕಡಿಮೆ ಫಲ ಕೊಡಲಿಲ್ಲ, ನಿಧಾನದವರಿಗೆ 21 ದಿನದ್ದು 14 ದಿನದ್ದಕ್ಕಿಂತ ಹೆಚ್ಚು ಫಲ ಕೊಡಲಿಲ್ಲ. ಡೋಸ್ ತುಂಬ ಇರಲಿ, ದಿನ ಅಳತೆಯಲ್ಲಿರಲಿ. ನಮ್ಮ ರೂಢಿ ಇದರ ತಿರುಗುಮುರುಗು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಲೆಕ್ಕಾಚಾರವೂ ಒಳರೋಗಿ ಪ್ಯಾಕೇಜುಗಳ ಸುತ್ತಲೇ ಇರುವುದರಿಂದ, ಮನೆಯಲ್ಲಿ ಎಳೆಯಬಹುದಾದ ಔಷಧಿಗೆ ದುಡ್ಡಿಲ್ಲದೆ ಮಗು ಅಡ್ಮಿಟ್ ಆಗುತ್ತದೆ. ಸಿ.ಎಫ್.ಗೆ ನೆಬ್ಯುಲೈಸರ್ ಆ್ಯಂಟಿಬಯಾಟಿಕ್ಕಿನ ಹೊರರೋಗಿ ಪ್ಯಾಕೇಜ್ ಒಂದನ್ನು ಸೇರಿಸಿ.

ಕೆಟ್ಟ ಜೀನಿನ ಪ್ರೊಟೀನ್ ಕೆಲಸ ಮಾಡುವಂತೆ ಸರಿಪಡಿಸುವ ಸಿ.ಎಫ್.ಟಿ.ಆರ್. ಮಾಡ್ಯುಲೇಟರು ಔಷಧಿಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಮೂರನೇ ಗುಂಪಿನಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದೆ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅದರಡಿ ಉತ್ಕೃಷ್ಟತಾ ಕೇಂದ್ರವಾಗಿವೆ. ಆ ಹೋರಾಟ ಬೇರೆ ನಡೆಯಲಿ. ಮಾಡ್ಯುಲೇಟರ್ ಸಿಕ್ಕ ದೇಶಗಳಲ್ಲೂ ಕಾಯಂ ಆದ ಸ್ಯೂಡೋಮೊನಾಸ್ ಸಂಖ್ಯೆಯಲ್ಲಿ ಕುಗ್ಗಿತೇ ಹೊರತು ಹೆಚ್ಚಿನವರಲ್ಲಿ ಪೂರ್ತಿ ಹೋಗಲಿಲ್ಲ ಎಂಬುದನ್ನಷ್ಟೇ ಹೇಳುತ್ತೇವೆ.

ಮನೆಯ ನೆಬ್ಯುಲೈಸರ್ ತಾನೇ ಸೋಂಕಿನ ಮೂಲವಾಗುವುದು ಇನ್ನೊಂದು ಕಾಣದ ಬಾಗಿಲು. ಔಷಧಿ ಎಳೆದ ಮೇಲೆ ಕಪ್ಪನ್ನು ನಲ್ಲಿ ನೀರಿನಲ್ಲಿ ಅಲುಗಿಸಿ ಮೇಜಿನ ಮೇಲೆ ಬೋರಲು ಹಾಕುವುದು ರೂಢಿ. ಒಳಗುಳಿದ ಹನಿಯಲ್ಲಿ ಸ್ಯೂಡೋಮೊನಾಸ್ ಮರುದಿನಕ್ಕೆ ಸಿದ್ಧ. ಪ್ರತಿ ಸಲ ಬಿಡಿಭಾಗ ಬಿಚ್ಚಿ ಸೋಪಿನಲ್ಲಿ ತೊಳೆದು, ದಿನಕ್ಕೊಮ್ಮೆ ಮುಳುಗುವಷ್ಟು ನೀರಿನಲ್ಲಿ 5 ನಿಮಿಷ ಕುದಿಸಬೇಕು. ಕುದಿಸಬಾರದ ಪ್ಲಾಸ್ಟಿಕ್ ಆದರೆ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ 5 ನಿಮಿಷ, ಅಥವಾ ಶೇ. 3ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ 30 ನಿಮಿಷ ನೆನೆಸಿ, ಕುದಿಸಿ ಆರಿಸಿದ ನೀರಿನಲ್ಲೇ ಜಾಲಿಸಬೇಕು. ಕೊನೆಗೆ ನಲ್ಲಿ ನೀರು ಹಾಕಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ವಿನೆಗರ್ ಸಾಲದು. ಒರೆಸಬೇಡಿ, ಗಾಳಿಗೆ ಒಣಗಲಿ. ಎಳೆಯುವ ಕ್ರಮವೂ ಮುಖ್ಯ: ಮೊದಲು ಸಾಲ್ಬುಟಮಾಲ್, ಆಮೇಲೆ ಉಪ್ಪುನೀರು, ನಂತರ ಕಫ ತೆಗೆಯುವ ಫಿಸಿಯೋಥೆರಪಿ, ಎಲ್ಲ ಮುಗಿದ ಮೇಲೆ ಆ್ಯಂಟಿಬಯಾಟಿಕ್. ಲೋಳೆ ಇರುವಾಗಲೇ ಆ್ಯಂಟಿಬಯಾಟಿಕ್ ಎಳೆದರೆ ಅದು ಲೋಳೆಯ ಮೇಲೆ ಕೂತು ಕೆಮ್ಮಿನ ಜೊತೆ ಹೊರಗೆ ಬರುತ್ತದೆ. ಇದನ್ನೆಲ್ಲ ಕನ್ನಡದಲ್ಲಿ ಒಂದು ಪುಟದ ಚಿತ್ರಪಟ ಮಾಡಿ ಯಂತ್ರದ ಜೊತೆಗೇ ಕೊಡಿ.

ಓಪಿಡಿಯಲ್ಲಿ ಎಲ್ಲ ಸಿ.ಎಫ್. ಮಕ್ಕಳನ್ನೂ ಒಂದೇ ದಿನ ಕರೆದು ಒಂದೇ ಬೆಂಚಿನಲ್ಲಿ ಕೂರಿಸುವುದು ಒಳ್ಳೆಯ ಮನಸ್ಸಿನ ಕೆಟ್ಟ ವ್ಯವಸ್ಥೆ. ಇಂಗ್ಲೆಂಡಿನ ಲಿವರ್‌ಪೂಲಿನ ಮಕ್ಕಳ ಕ್ಲಿನಿಕ್ಕಿನಲ್ಲಿ ಪ್ರತಿರೋಧ ಬೆಳೆಸಿಕೊಂಡ ಒಂದೇ ತಳಿಯ ಸ್ಯೂಡೋಮೊನಾಸ್ ಮಗುವಿಂದ ಮಗುವಿಗೆ ಹರಡಿದ್ದು 1996ರಲ್ಲಿ ಪ್ರಕಟವಾಯಿತು. ಅಲ್ಲಿ ಸೆಫ್ಟಾಜಿಡೈಮ್ ಒಂದನ್ನೇ ಕೊಡುವ ಅಭ್ಯಾಸವಿತ್ತು. ಮಕ್ಕಳ ನಡುವೆ ಆರು ಅಡಿ ಅಂತರ, ಆಸ್ಪತ್ರೆಯೊಳಗೆ ಮಾಸ್ಕ್, ಸಮಯ ಹಂಚಿದ ಟೋಕನ್, ಸ್ಪೈರೋಮೀಟರಿಗೆ ಒಬ್ಬೊಬ್ಬರಿಗೆ ಒಂದೊಂದು ಫಿಲ್ಟರ್. ಕುಟುಂಬಗಳ ಸಭೆ ಮಾಡುವುದಾದರೆ ಹೆತ್ತವರು ಬರಲಿ, ಕಾಯಿಲೆಯ ಮಕ್ಕಳು ಒಟ್ಟಿಗೆ ಬೇಡ.

ಔಷಧಿ ಅಂಗಡಿಯ ಕಡೆ ಒಂದು ಮಾತು. 2013ರಲ್ಲಿ ಹೊರಡಿಸಿ 2014ರ ಮಾರ್ಚ್‌ನಿಂದ ಜಾರಿಯಾದ, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಎಚ್-1 ಪಟ್ಟಿಯಲ್ಲಿ ಮೆರೋಪೆನೆಮ್, ಸೆಫ್ಟಾಜಿಡೈಮ್, ಲೆವೊಫ್ಲಾಕ್ಸಾಸಿನ್ ಇದ್ದವು. ಮಾರಿದ ಲೆಕ್ಕವನ್ನು ಮೂರು ವರ್ಷ ಇಡಬೇಕು. ಸಿ.ಎಫ್. ಮಕ್ಕಳಿಗೆ ಅತ್ಯಂತ ಬೆಲೆಯುಳ್ಳ ಸಿಪ್ರೊಫ್ಲಾಕ್ಸಾಸಿನ್, ಅಜಿಥ್ರೋಮೈಸಿನ್ ಎರಡೂ ಆ ಪಟ್ಟಿಯಲ್ಲಿರಲಿಲ್ಲ. ನೆಗಡಿಗೆಂದು ಮೂರು ದಿನದ ಅಜಿಥ್ರೋಮೈಸಿನ್ ಸ್ಟ್ರಿಪ್ ಹರಿದು ಕೊಡುವ ಪದ್ಧತಿಯನ್ನು ರಾಜ್ಯದ ಔಷಧ ನಿಯಂತ್ರಣ ಇಲಾಖೆ ತನ್ನ ತಪಾಸಣೆಯಿಂದಲೇ ತಗ್ಗಿಸಬಹುದು. ಕೋಳಿಸಾಕಣೆಯಲ್ಲಿ ಕೊಲಿಸ್ಟಿನ್ ಬಳಸದಂತೆ ಕೇಂದ್ರ 2019ರಲ್ಲಿ ನಿಷೇಧಿಸಿದೆ. ಅದು ಕಾಗದದಾಚೆ ಎಷ್ಟು ನಡೆದಿದೆ ಎಂದು ಪಶುಸಂಗೋಪನೆಯವರನ್ನು ಕೇಳಿ.

ಕೊನೆಗೆ ಲೆಕ್ಕದ ವಿಷಯ. ಆಸ್ಪತ್ರೆಗಳು ವರ್ಷಕ್ಕೊಮ್ಮೆ ತಯಾರಿಸುವ ಆ್ಯಂಟಿಬಯೋಗ್ರಾಮಿನಲ್ಲಿ (ಯಾವ ಬ್ಯಾಕ್ಟೀರಿಯಾ ಯಾವ ಔಷಧಿಗೆ ಎಷ್ಟು ಮಣಿಯಿತೆಂಬ ಪಟ್ಟಿಯಲ್ಲಿ) ಐಸಿಯು ವೆಂಟಿಲೇಟರಿನ ಸ್ಯೂಡೋಮೊನಾಸ್ ಜೊತೆ ಸಿ.ಎಫ್. ಸ್ಯೂಡೋಮೊನಾಸನ್ನು ಕಲಸಬೇಡಿ. ಎರಡರ ಪ್ರತಿರೋಧದ ದಾರಿಯೇ ಬೇರೆ, ಕಲಸಿದರೆ ಎರಡೂ ಸುಳ್ಳಾಗುತ್ತವೆ. ಒಂದೇ ಮಗುವಿನ ಹತ್ತು ರಿಪೋರ್ಟ್ ಹತ್ತು ರೋಗಿಗಳೆಂದು ಎಣಿಕೆಯಾಗದಂತೆ ನೋಡಿಕೊಳ್ಳಿ. ಮೊದಲ ಸ್ಯೂಡೋಮೊನಾಸ್‌ನ ಒಂದು ಕಾಲನಿಯನ್ನು ಗ್ಲಿಸರಾಲಿನಲ್ಲಿ ಹಾಕಿ ಮೈನಸ್ 80 ಡಿಗ್ರಿಯಲ್ಲಿ ಕಾಪಿಡಿ. ಎರಡು ವರ್ಷದ ಮೇಲೆ ಮತ್ತೆ ಸಿಕ್ಕಾಗ ಅದು ಹಳೆಯದೇ, ಹೊಸದೇ ಎಂದು ತಿಳಿಯಲು ಬೇರೆ ದಾರಿಯಿಲ್ಲ, ಚಿಕಿತ್ಸೆಯ ತೀರ್ಮಾನ ಅದರ ಮೇಲೇ ನಿಂತಿದೆ.

ಇವುಗಳಲ್ಲಿ ಕೆಲವಕ್ಕೆ ಟೆಂಡರ್ ಬೇಕು, ಕೆಲವಕ್ಕೆ ತರಬೇತಿ ಬೇಕು, ಸಮಯ ಹಿಡಿಯುತ್ತದೆ. ಆದರೆ ಕಫದ ಡಬ್ಬಿಯ ಜೊತೆ ಲ್ಯಾಬಿಗೆ ಹೋಗುವ ವಿನಂತಿ ಚೀಟಿಯಲ್ಲಿ ‘ಸಿ.ಎಫ್. ರೋಗಿ: ಹೌದು / ಇಲ್ಲ’ ಎಂಬ ಒಂದು ಚೌಕವನ್ನು ಮುಂದಿನ ಮುದ್ರಣದಲ್ಲೇ ಸೇರಿಸಬಹುದು. ಅದರ ಕೆಳಗೆ ‘ಈಗ ಯಾವ ನೆಬ್ಯುಲೈಸರ್ ಔಷಧಿ ನಡೆಯುತ್ತಿದೆ’, ‘ಹಿಂದೆ ಸ್ಯೂಡೋಮೊನಾಸ್ ಸಿಕ್ಕ ದಿನಾಂಕ’ ಎಂದು ಎರಡು ಸಾಲು ಖಾಲಿ ಬಿಡಿ. ‘ಹೌದು’ ಎಂದು ಗುರುತಿರುವ ಡಬ್ಬಿಯನ್ನು ತಿರಸ್ಕರಿಸುವಂತಿಲ್ಲ, ಅದರ ಪ್ಲೇಟನ್ನು ಐದನೇ ದಿನದ ಮುಂಚೆ ಎಸೆಯುವಂತಿಲ್ಲ ಎಂದು ಸುತ್ತೋಲೆಯಲ್ಲಿ ಒಂದು ವಾಕ್ಯ ಸಾಕು. ಚೀಟಿಯ ಮಾದರಿಯನ್ನು ಇಲಾಖೆ ಕೇಳಿದರೆ ನಾವು ಬರೆದುಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಿಸ್ಟಿಕ್ ಫೈಬ್ರೋಸಿಸ್ ಆರೈಕೆಯಲ್ಲಿ ತೊಡಗಿರುವ ವೈದ್ಯರು, ಮೈಕ್ರೋಬಯಾಲಜಿ ಲ್ಯಾಬಿನವರು, ಫಾರ್ಮಸಿಸ್ಟರು ಮತ್ತು ಫಿಸಿಯೋಥೆರಪಿಸ್ಟರು
ಬೆಂಗಳೂರು